ಬಳ್ಳಾರಿ ಜೀನ್ಸ್: ಒಬ್ಬರೇ ಕೊಂಡರೆ ಉಪಯೋಗವಿಲ್ಲದ ಯಂತ್ರ

ಬಳ್ಳಾರಿಯಲ್ಲಿ ಒಂದು ಜೀನ್ಸ್ ಪ್ಯಾಂಟು ಒಂದೇ ಸೂರಿನಡಿ ತಯಾರಾಗುವುದು ಕಡಿಮೆ. ಕಟಿಂಗ್ ಒಂದು ಕಡೆ, ಹೊಲಿಗೆ ಇನ್ನೊಂದು ಕಡೆ, ವಾಷಿಂಗ್ ಮತ್ತೊಂದು ಕಡೆ. ಉಳಿದ ದಾರದ ಎಳೆ ಕತ್ತರಿಸುವವರು ಮನೆಯಲ್ಲಿ ಕೂತ ಹೆಣ್ಣುಮಕ್ಕಳು. ಗಂಟು ಸ್ಕೂಟರ್ ಮೇಲೆ, ಆಟೋದಲ್ಲಿ ಊರೆಲ್ಲ ಸುತ್ತುತ್ತದೆ. ಜೊತೆಗೊಂದು ಚೀಟಿ: ಲಾಟ್ ನಂಬರ್, ಸೈಜು, ಎಷ್ಟು ಪೀಸು. ನೀರಿಗೆ ಬಿದ್ದ ಮೇಲೆ ಚೀಟಿ ಉಳಿಯುತ್ತಾ? ಆಮೇಲೆ ಶುರು: 'ನೂರು ಕಳಿಸಿದ್ದೆ, ತೊಂಬತ್ತೇಳು ಬಂತು.'

ಈ ಹಂಚಿಕೆಗೆ ಹಳೆಯ ಬೇರಿದೆ. ಬ್ರಿಟಿಷರ ದಂಡು ಇದ್ದ ಊರು ಇದು. ಸೈನಿಕರ ಸಮವಸ್ತ್ರ ಹೊಲಿಯುತ್ತಿದ್ದ ದರ್ಜಿ ಮನೆತನಗಳಿಂದಲೇ ಕಸುಬು ಬೆಳೆಯಿತು ಎನ್ನುತ್ತಾರೆ. ಜೀನ್ಸ್ ಬಂದಾಗ ಮನೆಮನೆಯ ಮಷಿನ್‌ಗಳೇ ಕಾರ್ಖಾನೆಯಾದವು. ಸಿದ್ಧ ಉಡುಪು ಆಗ ಸಣ್ಣ ಉದ್ಯಮಕ್ಕೇ ಮೀಸಲು. 2000ರ ಜವಳಿ ನೀತಿ ಆ ಬೇಲಿ ಕಿತ್ತಿತು. ದೊಡ್ಡವರು ಒಳಗೆ ಬಂದರು.

ಬೇಲಿ ತೆಗೆದ ಸರ್ಕಾರ ಇನ್ನೊಂದು ದಾರಿ ಹಿಡಿಯಿತು: ಒಬ್ಬೊಬ್ಬರಿಗೆ ನೆರವು ಕೊಡುವ ಬದಲು ಗುಂಪಿಗೆ ಕೊಡೋಣ. ಅದೇ ಕ್ಲಸ್ಟರ್ ಯೋಜನೆ. 2010ರ ನಿಯಮದಂತೆ 15 ಕೋಟಿ ರೂಪಾಯಿವರೆಗಿನ ಸಾಮಾನ್ಯ ಸೌಲಭ್ಯ ಕೇಂದ್ರಕ್ಕೆ, ಅಂದರೆ ಎಲ್ಲರೂ ಸೇರಿ ಬಳಸುವ ಕಟ್ಟಡ-ಯಂತ್ರಗಳಿಗೆ, ಕೇಂದ್ರ ಸರ್ಕಾರದ ಅನುದಾನ ಶೇ 70 ಇತ್ತು. ಕನಿಷ್ಠ 20 ಘಟಕಗಳು ಸೇರಿ ಒಂದು ಸಂಸ್ಥೆ ಕಟ್ಟಬೇಕಿತ್ತು. ಯಾರ ಪಾಲೂ ಶೇ 10 ದಾಟುವಂತಿರಲಿಲ್ಲ. ಕಾಗದದ ಮೇಲೆ ಸೊಗಸು. ಆದರೆ ಒಂದೇ ಗಿರಾಕಿಗೆ ಪೈಪೋಟಿ ಮಾಡುವ 20 ಜನರನ್ನು ಒಂದು ಮೇಜಿಗೆ ಕೂರಿಸುವುದು ಸುಮ್ನೆ ಆಗುವ ಕೆಲಸ ಅಲ್ಲ. ಜೊತೆಗೆ ಇಲ್ಲಿ ಲೆಕ್ಕಕ್ಕೆ ಬಂದದ್ದು ಕಟ್ಟಡ, ದೊಡ್ಡ ಯಂತ್ರ. ಮಾಹಿತಿ ಹಂಚಿಕೊಳ್ಳುವ ಮಾತು ತಡವಾಗಿ ಬಂತು.

ಅದನ್ನು ದೊಡ್ಡದಾಗಿ ಎತ್ತಿದ್ದು ಜರ್ಮನಿ. 2011ರ ಹ್ಯಾನೋವರ್ ಮೇಳದಲ್ಲಿ 'ಇಂಡಸ್ಟ್ರಿ 4.0' ಎಂಬ ಹೆಸರು ಕೇಳಿಬಂತು: ಯಂತ್ರಗಳು ಒಂದಕ್ಕೊಂದು ಮಾತಾಡಬೇಕು. ಬ್ರಿಟನ್ 'ಮೇಡ್ ಸ್ಮಾರ್ಟರ್' ಎಂಬ ಪ್ರಯೋಗವನ್ನು ವಾಯವ್ಯ ಇಂಗ್ಲೆಂಡಿನಲ್ಲಿ ನಡೆಸಿತು. ಸಣ್ಣ ತಯಾರಕರಿಗೆ ಸಲಹೆಯೂ ಇತ್ತು, 20,000 ಪೌಂಡ್‌ವರೆಗೆ ಸರಿಸಮ ಅನುದಾನವೂ ಇತ್ತು. ಉಳಿದ ಹಣ ಮಾಲೀಕನದು. ನಮ್ಮಲ್ಲೂ ಭಾರಿ ಕೈಗಾರಿಕಾ ಇಲಾಖೆ 'ಸಮರ್ಥ್ ಉದ್ಯೋಗ್' ಹೆಸರಲ್ಲಿ ಕೇಂದ್ರಗಳನ್ನು ತೆರೆಯಿತು. ಅವುಗಳಲ್ಲೊಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಬಳ್ಳಾರಿಯ ಕೌಲ್ ಬಜಾರಿನ ಹೊಲಿಗೆ ಮಷಿನ್‌ನಿಂದ ಅದು ತುಸು ದೂರವೇ, ಅಲ್ವಾ?

ಬ್ರಿಟನ್ ಮಾದರಿಯನ್ನು ಹಾಗೇ ಎತ್ತಿ ತಂದರೆ ಬಳ್ಳಾರಿಗೆ ಹೊಂದುವುದಿಲ್ಲ ಅನ್ನುವುದು ನನ್ನ ಅಂದಾಜು. ಅಲ್ಲಿ ಒಂದು ಕಾರ್ಖಾನೆ ಸಾಧನ ಕೊಂಡರೆ ಆ ಕಾರ್ಖಾನೆಗೇ ಲಾಭ. ಇಲ್ಲಿ ಚೀಟಿಯ ಬದಲು ಯಂತ್ರ ಓದುವ ಕೋಡ್ ಅನ್ನು ಕಟಿಂಗ್ ಮಾಸ್ಟರ್ ಒಬ್ಬನೇ ಅಂಟಿಸಿದರೆ ಏನು ಬಂತು? ವಾಷಿಂಗ್‌ನವನೂ ಓದಬೇಕು, ಹೊಲಿಯುವವನೂ ಓದಬೇಕು. ವಾಷಿಂಗ್‌ನ ನೀರು, ಕಲ್ಲುಜ್ಜಾಟ ತಡೆಯುವ ಟ್ಯಾಗ್ ಬೇಕು. ಇಡೀ ಸಾಲು ಒಟ್ಟಿಗೆ ಕೊಂಡರೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ. ಎಲ್ಲರೂ ಪಾಲು ಹಾಕುವುದು ಇಲ್ಲಿ ಬರೀ ಉಳಿತಾಯದ ಮಾತಲ್ಲ, ಅದಿಲ್ಲದೆ ಸಾಧನವೇ ನಡೆಯದು.

ತೊಡಕು ದುಡ್ಡಿಗಿಂತ ಗುಟ್ಟಿನದು. ಯಾರ ಲಾಟು ಎಷ್ಟು ಅಂತ ಎದುರಾಳಿಗೆ ಗೊತ್ತಾಗಬಾರದು. ರೇಟು ಮುಚ್ಚಿಟ್ಟು ಎಣಿಕೆ ಮಾತ್ರ ತೋರಿಸುವ ಲೆಕ್ಕಪುಸ್ತಕ ಮಾಡಬಹುದು. ಅದರಲ್ಲಿ ಎಳೆ ಕತ್ತರಿಸುವವಳ ಪೀಸಿನ ಲೆಕ್ಕವೂ ಬೀಳುತ್ತದೆ. ಅವಳಿಗೆ ಕೂಲಿ ಪೀಸಿನ ಮೇಲೆ. ಆದರೆ ಪಾಲು ಹಾಕುವ 20 ಘಟಕಗಳ ಪಟ್ಟಿಯಲ್ಲಿ ಅವಳ ಮನೆ ಇರುವುದಿಲ್ಲ.