ಬಲೆ ಬಿಟ್ಟು ಬಾ ಅಂದ್ರೆ ಹೊಲಿಗೆ ಮಷೀನ್ ಬಿಡಬೇಕಾ?

ಪ್ರಶ್ನೆ: ನಾನು ಬೆಟಗೇರಿಯಲ್ಲಿ ಟೇಲರ್. ಸಣ್ಣ ಅಂಗಡಿ, ಎರಡು ಮಷೀನ್. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ಹಾಸಿಗೆ ಹಿಡಿದ ಅವ್ವ. ಹೋದ ತಿಂಗಳು ಒಂದು ಕೂಟದಲ್ಲಿ "ಎಲ್ಲಾ ಬಿಟ್ಟು ಯೇಸುವನ್ನು ಹಿಂಬಾಲಿಸಿ" ಅಂತ ಪ್ರಸಂಗ ಕೇಳಿದೆ. ಆವತ್ತಿನಿಂದ ಸರಿಯಾಗಿ ನಿದ್ದೆ ಇಲ್ಲ. ನನ್ನಂಥ ಸಾಮಾನ್ಯ ಮನುಷ್ಯ ಅಂಗಡಿ ನಡೆಸಿಕೊಂಡೇ ಯೇಸುವಿನ ಶಿಷ್ಯ ಆಗಬಹುದಾ?

ಉತ್ತರ: ಆಗಬಹುದು. ಹುಬ್ಬಳ್ಳಿ, ಧಾರವಾಡ, ಹಾವೇರಿ ಕಡೆಯಿಂದಲೂ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಕೇಳುವವರು ಹೆಚ್ಚಾಗಿ ನಿಮ್ಮ ಹಾಗೆ ಮನೆ ಹೊತ್ತವರು. ಅದಕ್ಕೇ ಸ್ವಲ್ಪ ನಿಧಾನವಾಗಿ ಮಾತಾಡೋಣ.

ಮೊದಲು ಬಲೆಯ ಕಥೆಯನ್ನೇ ನೋಡಿ. ಮಾರ್ಕನ ಸುವಾರ್ತೆಯ ಮೊದಲನೇ ಅಧ್ಯಾಯ. ಸೀಮೋನ, ಅಂದ್ರೆಯ ಬಲೆ ಬೀಸುತ್ತಿದ್ದರು. ಯಾಕೋಬ, ಯೋಹಾನ ಬಲೆ ಸರಿಮಾಡುತ್ತಾ ಕೂತಿದ್ದರು. ಕರೆ ಬಂತು, ಎದ್ದು ಹೋದರು. ಪ್ರಸಂಗ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ. ಆದರೆ ಮಾರ್ಕ ಇನ್ನೆರಡು ವಿಷಯ ಹೇಳುತ್ತಾನೆ. ಯಾಕೋಬ, ಯೋಹಾನ ಅಪ್ಪ ಜೆಬೆದಾಯನನ್ನು ದೋಣಿಯಲ್ಲಿ ಬಿಟ್ಟು ಹೋದಾಗ ಕೂಲಿಯಾಳುಗಳು ಅವನ ಜೊತೆ ಇದ್ದರು. ಮತ್ತೆ, ಅದೇ ಅಧ್ಯಾಯದಲ್ಲಿ ಯೇಸುಸ್ವಾಮಿ ಸೀಮೋನನ ಮನೆಗೇ ಹೋಗುತ್ತಾರೆ. ಅಲ್ಲಿ ಅವನ ಅತ್ತೆ ಜ್ವರದಿಂದ ಮಲಗಿದ್ದಳು. ಸ್ವಾಮಿ ಕೈ ಹಿಡಿದು ಎಬ್ಬಿಸಿದರು. ಬಲೆ ಬಿಟ್ಟ ಸೀಮೋನನ ಮನೆಯಲ್ಲಿ ಕಾಯಿಲೆಯ ಹಾಸಿಗೆ ಇತ್ತು. ನಿಮ್ಮ ಮನೆಯಲ್ಲೂ ಇದೆ.

ಅವ್ವನ ವಿಷಯದಲ್ಲಿ ಇನ್ನೊಂದು ಮಾತು. ಮಾರ್ಕನ ಏಳನೇ ಅಧ್ಯಾಯ ಓದಿ. ತಂದೆತಾಯಿಗೆ ಕೊಡಬೇಕಾದ್ದನ್ನು "ಇದು ದೇವರಿಗೆ ಮುಡಿಪು" ಅಂತ ಹೇಳಿ ಕೈ ತೊಳೆದುಕೊಳ್ಳುವವರನ್ನು ಯೇಸುಸ್ವಾಮಿ ಬಹಳ ಕಟುವಾಗಿ ಬೈಯುತ್ತಾರೆ. ಅವ್ವನ ಔಷಧದ ದುಡ್ಡು ನಿಲ್ಲಿಸಿ ಸೇವೆಗೆ ಹೊರಡುತ್ತೇನೆ ಅಂದರೆ ಸ್ವಾಮಿ ಮೆಚ್ಚುತ್ತಾರೆ ಅಂತ ನನಗೆ ಅನ್ನಿಸುವುದಿಲ್ಲ.

ಹಾಗಂತ ಕರೆಯನ್ನು ಹಗುರ ಮಾಡುವುದಕ್ಕೂ ನನಗೆ ಮನಸ್ಸಿಲ್ಲ. "ಮೊದಲು ಅಪ್ಪನನ್ನು ಮಣ್ಣುಮಾಡಿ ಬರುತ್ತೇನೆ" ಅಂದವನಿಗೂ ಸ್ವಾಮಿ ಬಿಡುವು ಕೊಡಲಿಲ್ಲ, ಲೂಕನ ಒಂಬತ್ತನೇ ಅಧ್ಯಾಯದಲ್ಲಿ ಇದೆ. ಆ ಮಾತು ಓದಿದಾಗಲೆಲ್ಲ ನನಗೆ ಚುಚ್ಚುತ್ತದೆ, ಚುಚ್ಚಲಿ. ಮನೆ ನೆಪ ಆಗಿಬಿಡಬಹುದು ಅಲ್ವಾ? "ಮಕ್ಕಳ ಓದು ಮುಗೀಲಿ, ಸಾಲ ತೀರಲಿ, ಆಮೇಲೆ ನೋಡೋಣ" ಅಂತ ನಾವೇ ಎಷ್ಟು ವರ್ಷ ದೂಡಿದ್ದೇವೆ!

ಕರೆ ಎಲ್ಲರಿಗೂ ಒಂದೇ ತರ ಬರುವುದಿಲ್ಲ. ಗೆರಸೇನರ ನಾಡಿನಲ್ಲಿ ದೆವ್ವ ಬಿಟ್ಟುಹೋದ ಮನುಷ್ಯ "ನಾನೂ ನಿಮ್ಮ ಜೊತೆ ಬರ್ತೀನಿ" ಅಂತ ಬೇಡಿಕೊಂಡ. ಸ್ವಾಮಿ ಬೇಡ ಅಂದರು. ನಿನ್ನ ಮನೆಗೆ, ನಿನ್ನವರ ಹತ್ತಿರ ಹೋಗು, ದೇವರು ನಿನಗೆ ಮಾಡಿದ್ದನ್ನು ಹೇಳು ಅಂದರು. ಸುಂಕದ ಕಟ್ಟೆಯಲ್ಲಿ ಕೂತಿದ್ದ ಲೇವಿ ಎದ್ದು ಬಂದ. ಯೆರಿಕೋವಿನಲ್ಲಿ ಸುಂಕ ವಸೂಲಿಯ ಮುಖ್ಯಸ್ಥನಾಗಿದ್ದ ಜಕ್ಕಾಯನಿಗೆ ಊರು ಬಿಡು ಅಂತ ಯಾರೂ ಹೇಳಲಿಲ್ಲ. ಅವನು ಬಿಟ್ಟದ್ದು ಮೋಸದ ದುಡ್ಡು. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಹೋದವರಿಗೆ ನಾಲ್ಕರಷ್ಟು ವಾಪಸ್.

ಜಕ್ಕಾಯನ ಲೆಕ್ಕ ನಿಮ್ಮ ಅಂಗಡಿಗೆ ಬಂದರೆ ಹೇಗಿರುತ್ತದೆ? ನನ್ನ ಚಿಕ್ಕಪ್ಪ ಟೇಲರ್ ಆಗಿದ್ದರು, ಹಾಗಾಗಿ ಸಲಿಗೆಯಿಂದ ಕೇಳುತ್ತೇನೆ. ಎರಡೂಕಾಲು ಮೀಟರ್ ಸಾಕಾಗುವ ಕಡೆ ಎರಡೂವರೆ ತರಲು ಹೇಳುವುದು ಇದೆಯಾ? ಉಳಿದ ಬಟ್ಟೆ ಯಾರ ಗಂಟಿಗೆ ಹೋಗುತ್ತದೆ? ಯುಗಾದಿ, ರಮ್ಜಾನ್, ಕ್ರಿಸ್‌ಮಸ್ ಹತ್ತಿರ ಬಂದಾಗ, ಆಗುವುದಿಲ್ಲ ಅಂತ ಗೊತ್ತಿದ್ದೂ "ನಾಳೆ ಸಂಜಿಗೆ ಬರ್ರಿ" ಅಂತ ಎಷ್ಟು ಜನಕ್ಕೆ ಹೇಳುತ್ತೀರಿ? ಕಾಜಾ ಹಾಕಿ ಗುಂಡಿ ಹಚ್ಚುವ ಹುಡುಗನಿಗೆ ಶನಿವಾರದ ಪಗಾರ ಶನಿವಾರವೇ ಸಿಗುತ್ತದಾ? ನಮ್ಮ ಚಿಕ್ಕಪ್ಪ ಕೊನೆಕೊನೆಗೆ ಉಳಿದ ತುಂಡನ್ನು ಮಡಚಿ, ಹೊಲಿದ ಅಂಗಿಯ ಜೇಬಿನಲ್ಲೇ ಇಟ್ಟು ಕೊಡುತ್ತಿದ್ದರು. ಅಂಗೈಯಗಲದ ತುಂಡಾದರೂ ಸರಿ. ಯಾಕೆ ಅಂತ ಕೇಳಿದ ಗಿರಾಕಿಗೆ "ಅದು ನಿಮ್ದರೀ" ಅನ್ನುತ್ತಿದ್ದರು, ಅಷ್ಟೇ.

ಸುವಾರ್ತೆಯ ಗ್ರೀಕ್ ಮೂಲದಲ್ಲಿ ಶಿಷ್ಯನಿಗೆ ಇರುವ ಪದದ ಅರ್ಥ ಕಲಿಯುವವನು ಅಂತ. ಕಲಿಯುವುದು ಹೇಗೆ ಅಂತ ನಿಮಗೆ ಹೇಳಿಕೊಡಬೇಕಾಗಿಲ್ಲ. ಮೊದಲ ದಿನವೇ ಯಾರೂ ಕತ್ತರಿ ಕೈಗೆ ಕೊಡುವುದಿಲ್ಲ. ಮಾಸ್ತರರ ಪಕ್ಕದಲ್ಲಿ ಕೂರಬೇಕು, ಕೈ ನೋಡಬೇಕು, ತಪ್ಪಾದರೆ ಹೊಲಿಗೆ ಬಿಚ್ಚಿ ಮತ್ತೆ ಹೊಲಿಯಬೇಕು. ಶಿಲುಬೆಯನ್ನು ದಿನಾಲೂ ಹೊತ್ತುಕೊಂಡು ಬಾ ಅಂತ ಲೂಕ ಬರೆದದ್ದರಲ್ಲಿ "ದಿನಾಲೂ" ಅನ್ನುವ ಮಾತು ನನಗೆ ಬಹಳ ಮುಖ್ಯ.

ಹೊಲಿಯುವವರಿಗೆ ಸತ್ಯವೇದದಲ್ಲಿ ಒಳ್ಳೆಯ ಜಾಗವೇ ಇದೆ. ಪೌಲ ಗುಡಾರ ಮಾಡುವ ಕಸುಬಿನವನು. ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲರ ಮನೆಯಲ್ಲಿದ್ದು ಅದೇ ಕೆಲಸ ಮಾಡಿದ. ಯೊಪ್ಪದಲ್ಲಿ ತಬಿಥಾ ಅನ್ನುವ ಹೆಣ್ಣುಮಗಳಿದ್ದಳು. ಶಿಷ್ಯೆ ಅನ್ನುವ ಆ ಗ್ರೀಕ್ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಬರುವುದು ಒಂದೇ ಸಲ, ಅದೂ ಇವಳಿಗೆ. ಇವಳು ಪ್ರಸಂಗ ಮಾಡಿದಳು ಅಂತ ಎಲ್ಲೂ ಇಲ್ಲ. ಸತ್ತಾಗ ವಿಧವೆಯರು ಅಳುತ್ತಾ ನಿಂತು, ಅವಳು ಮಾಡಿಕೊಟ್ಟ ಅಂಗಿಗಳನ್ನು ಪೇತ್ರನಿಗೆ, ಅಂದರೆ ಬಲೆ ಬಿಟ್ಟ ಅದೇ ಸೀಮೋನನಿಗೆ, ತೋರಿಸಿದರು. ಆ ಅಂಗಿಗಳೇ ಅವಳ ಸಾಕ್ಷಿ.

ನಿಮ್ಮ ಊರಿನ ಹಳೇ ಕಥೆಯನ್ನೂ ನೆನೆಯಿರಿ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ಧಾರವಾಡಕ್ಕೆ ಬಂದದ್ದು 1837ರಲ್ಲಿ, ಬೆಟಗೇರಿಗೆ 1841ರಲ್ಲಿ. ಆ ಕಾಲದಲ್ಲಿ ದೀಕ್ಷಾಸ್ನಾನ ಪಡೆದ ಹಲವರಿಗೆ ಮನೆಯೂ ತಪ್ಪಿತು, ಕುಲಕಸುಬೂ ತಪ್ಪಿತು. ಅವರು ನಿಜವಾಗಿಯೂ ಎಲ್ಲಾ ಬಿಟ್ಟವರು. ಅಂಥವರು ಕೈಯಾರೆ ದುಡಿದು ಉಣ್ಣಲಿ ಅಂತ ಮಿಷನ್ ಮಂಗಳೂರಿನಲ್ಲಿ ಮಗ್ಗ ಹಾಕಿತು, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು.

ಹುಬ್ಬಳ್ಳಿಯಲ್ಲಿ ನನಗೆ ಪರಿಚಯ ಇದ್ದ ಹಿರಿಯರೊಬ್ಬರು ಫಿಟ್ಟರ್ ಆಗಿದ್ದರು. ಸಿಟ್ಟು ಜಾಸ್ತಿ. ಒಮ್ಮೆ ಕೆಲಸ ಕಲಿಯುವ ಹುಡುಗನಿಗೆ ಬಾಯಿಗೆ ಬಂದ ಹಾಗೆ ಬೈದರು. ಮರುದಿನ ಶಿಫ್ಟ್ ಶುರುವಾಗುವ ಮೊದಲು, ಎಲ್ಲರ ಎದುರಿಗೆ, ಬುತ್ತಿ ಡಬ್ಬಿ ಕೈಯಲ್ಲಿ ಹಿಡಿದುಕೊಂಡೇ ಅವನ ಹತ್ತಿರ ಹೋಗಿ "ನಿನ್ನೆ ನಂದ ತಪ್ಪಾತಪಾ" ಅಂದರು. ಐವತ್ತು ದಾಟಿದ ಮನುಷ್ಯ, ಹದಿನೆಂಟರ ಹುಡುಗನಿಗೆ. ಶಿಷ್ಯ ಅಂದಾಗ ನನ್ನ ಕಣ್ಣ ಮುಂದೆ ಬರುವುದು ಅವರೇ.

ಇನ್ನು ಪೂರ್ಣ ಸೇವೆಯ ವಿಷಯ. ಕೆಲವರನ್ನು ದೇವರು ನಿಜವಾಗಿಯೂ ಕಸುಬು ಬಿಡಿಸಿ ಕರೆಯುತ್ತಾರೆ. ನಿಮಗೂ ಹಾಗೆ ಇದ್ದರೆ ಅದು ಒಂದು ರಾತ್ರಿಯ ಉತ್ಸಾಹಕ್ಕೆ ತೀರ್ಮಾನ ಆಗಬಾರದು. ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕಲಿ ಅಂತ ಸ್ವಾಮಿಯೇ ಹೇಳಿದ್ದಾರೆ. ಹೆಂಡತಿಗೆ ಎಲ್ಲಾ ಹೇಳಿ. ಈ ವಿಷಯದಲ್ಲಿ ಅವರ ಮಾತಿಗೆ ನಿಮ್ಮ ಮಾತಿನಷ್ಟೇ ತೂಕ ಇದೆ. ಇಬ್ಬರೂ ಕೂಡಿ ಪ್ರಾರ್ಥನೆ ಮಾಡಿ. ಆಮೇಲೆ ನಿಮ್ಮ ಸಭೆಯ ಅಯ್ಯನವರ ಹತ್ತಿರ ಹೋಗಿ. ಆದಿತ್ಯವಾರ ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ನಿಂತು ಮಾತಾಡುವ ವಿಷಯ ಇದಲ್ಲ. ವಾರದ ಮಧ್ಯೆ, ಅಂಗಡಿ ಮುಚ್ಚಿದ ಮೇಲೆ, ಫೋನ್ ಮಾಡಿ ಹೋಗಿ. ನಿದ್ದೆ ಬಾರದ ಸಂಗತಿಯನ್ನೂ ಹೇಳಿ.