ಡೆಸ್ಕ್‌ಟಾಪ್‌ಗೆ ಫೋನಿನ ಹಾಟ್‌ಸ್ಪಾಟ್: ‘ರಿಪ್ಲೈ’ ಬಂದರೂ ಇಂಟರ್ನೆಟ್ ಬಾರದಿದ್ದಾಗ

ಮೂರು ಸಂಜೆ ತಿಂದ ಕೆಲಸ ನಿನ್ನೆ ರಾತ್ರಿ ಮುಗಿಯಿತು. ಎಲ್ಲಿ ಎಡವಿದೆ, ಯಾವ ಸಾಲು ಓದಿದ ಮೇಲೆ ದಾರಿ ತಿಳಿಯಿತು ಎಂಬುದು ಇನ್ನೂ ಮನಸ್ಸಿನಲ್ಲಿ ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ನನ್ನ ಹಾಗೆ ಹಾರ್ಡ್‌ವೇರ್, ನೆಟ್‌ವರ್ಕಿಂಗ್ ಕಲಿಯುತ್ತಿರುವವರಿಗೆ ಇದು ಒಂದು ಸಂಜೆಯನ್ನಾದರೂ ಉಳಿಸಲಿ.

ಧಾರವಾಡದ ಸಪ್ತಾಪುರದಲ್ಲಿ ನಾವು ಮೂವರು ಹುಡುಗಿಯರು ಒಂದು ಕೋಣೆ ಹಿಡಿದಿದ್ದೇವೆ. ಕೋಣೆಗೆ ಬ್ರಾಡ್‌ಬ್ಯಾಂಡ್ ಇಲ್ಲ, ಇರುವುದೆಲ್ಲ ಫೋನಿನ ಡೇಟಾ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಒಂದು ದಲಾಲಿ ಅಂಗಡಿಯ ಲೆಕ್ಕ ಬರೆಯುವ ನನ್ನ ಸೋದರಮಾವ, ಅಂಗಡಿಗೆ ಹೊಸ ಕಂಪ್ಯೂಟರ್ ಬಂದಾಗ ಹಳೆಯದನ್ನು ನನಗೆ ಕೊಡಿಸಿದರು. ಸಿಪಿಯು ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿದ ಕೂಡಲೇ ಮೂವರಿಗೂ ಸೀನು ಹತ್ತಿತು. ಫ್ಯಾನಿನ ರೆಕ್ಕೆಗಳ ಅಂಚಿಗೆಲ್ಲ ಮೆಣಸಿನ ಕೆಂಪು ಧೂಳು ಪದರಗಟ್ಟಿತ್ತು. ಬಾಯಿಗೆ ಬಟ್ಟೆ ಕಟ್ಟಿಕೊಂಡು ಒಣ ಬ್ರಶ್ಶಿನಿಂದ ತೆಗೆದೆ. ಪೆಟ್ಟಿಗೆಯ ಹಿಂಬದಿಯ ನೀಲಿ ಯುಎಸ್‌ಬಿ ಪೋರ್ಟಿನಲ್ಲಿ ಹೆಬ್ಬೆರಳ ಉಗುರಿನಷ್ಟು ದೊಡ್ಡ ವೈಫೈ ಡಾಂಗಲ್ (ಕಂಪ್ಯೂಟರಿಗೆ ವೈಫೈ ಕೊಡುವ ತುಣುಕು) ಒಂದಿತ್ತು. ಅಂಗಡಿಯಲ್ಲಿ ಹೇಗಿತ್ತೋ ಹಾಗೆಯೇ ಬಂದಿತ್ತು. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಡ್ರೈವರ್ ಹಾಕುವುದು, ಹಾಟ್‌ಸ್ಪಾಟ್ ಚಾಲೂ ಮಾಡುವುದು, ಪಾಸ್‌ವರ್ಡ್ ಒತ್ತುವುದು, ಇವನ್ನು ಬರೆಯುವುದಿಲ್ಲ. ಎಲ್ಲರಿಗೂ ಬರುತ್ತವೆ.

ಆದದ್ದು ಏನು

ವಿಂಡೋಸ್ ಪಟ್ಟಿಯಲ್ಲಿ ನನ್ನ ಫೋನಿನ ಹೆಸರು ಕಾಣಿಸಿತು. ಪಾಸ್‌ವರ್ಡ್ ಒಪ್ಪಿತು. ಸಿಗ್ನಲ್ ಗೀಟುಗಳು ಪೂರ್ತಿ. ಆದರೆ ಹೆಸರಿನ ಕೆಳಗೆ ‘ನೋ ಇಂಟರ್ನೆಟ್, ಸೆಕ್ಯೂರ್ಡ್’ ಎಂದು ಬರೆದಿತ್ತು. ಅದೇ ಹಾಟ್‌ಸ್ಪಾಟಿಗೆ ಗದಗದ ಅಕ್ಕನ ಲ್ಯಾಪ್‌ಟಾಪ್ ಜೋಡಿಸಿದರೆ ಸಲೀಸಾಗಿ ಓಡುತ್ತಿತ್ತು. ರಾಣೆಬೆನ್ನೂರಿನ ಗೆಳತಿಯ ಐಫೋನಿನ ಹಾಟ್‌ಸ್ಪಾಟಿಗೆ ಡೆಸ್ಕ್‌ಟಾಪ್ ಜೋಡಿಸಿದರೆ ಅಲ್ಲಿಯೂ ಇದೇ ಹಾಡು. ಇಷ್ಟರಲ್ಲೇ ಅರ್ಧ ಉತ್ತರ ಇದೆ: ಎರಡು ಫೋನುಗಳಲ್ಲೂ ಒಂದೇ ದೋಷ, ಇನ್ನೊಂದು ಯಂತ್ರದಲ್ಲಿ ದೋಷವೇ ಇಲ್ಲ. ಹಾಗಾದರೆ ಫೋನನ್ನು ಬಿಟ್ಟು ಡೆಸ್ಕ್‌ಟಾಪನ್ನು ಹಿಡಿಯಬೇಕು. ಈ ಅದಲುಬದಲಿನ ಪರೀಕ್ಷೆಗೆ ಹತ್ತು ನಿಮಿಷ ಸಾಕು, ಎಲ್ಲಕ್ಕಿಂತ ಮೊದಲು ಅದನ್ನೇ ಮಾಡಿ.

ಗೀಟುಗಳನ್ನು ನಂಬಬೇಡಿ. ಅವು ಡಾಂಗಲ್ ಮತ್ತು ಫೋನಿನ ನಡುವಿನ ರೇಡಿಯೋ ಅಲೆಯ ಬಲವನ್ನಷ್ಟೇ ತೋರಿಸುತ್ತವೆ. ಅದರಾಚೆ ಇನ್ನೂ ಮೂರು ಕೆಲಸ ಆಗಬೇಕು: ಕಂಪ್ಯೂಟರಿಗೆ ಫೋನಿನ ಓಣಿಯ, ಅಂದರೆ ಅದರ ಪುಟ್ಟ ಜಾಲದ, ವಿಳಾಸ ಸಿಗಬೇಕು, ಗೇಟ್‌ವೇ (ಹೊರಗಿನ ಇಂಟರ್ನೆಟ್ಟಿಗೆ ಬಾಗಿಲು) ಆಗಿರುವ ಫೋನು ಅದಕ್ಕೆ ಕಾಣಬೇಕು, ಜಾಲತಾಣದ ಹೆಸರನ್ನು ಅಂಕಿಯ ವಿಳಾಸವಾಗಿ ಬದಲಿಸಿಕೊಡುವ ಡಿಎನ್‌ಎಸ್ ಸರ್ವರ್ ಉತ್ತರಿಸಬೇಕು.

ನಾನು ಎಡವಿದ ಸಾಲು

ಕಮಾಂಡ್ ಪ್ರಾಂಪ್ಟ್ ತೆರೆದು 8.8.8.8ಕ್ಕೆ ಪಿಂಗ್ ಮಾಡಿದೆ, ಅಂದರೆ ‘ಇದ್ದೀಯಾ?’ ಎಂದು ಕೂಗಿ ಉತ್ತರಕ್ಕೆ ಕಾದೆ. ಇದು ಗೂಗಲ್ ಸಂಸ್ಥೆಯ ಸಾರ್ವಜನಿಕ ಡಿಎನ್‌ಎಸ್ ವಿಳಾಸ. ಹೆಸರಿನ ಗೊಡವೆ ಇಲ್ಲದೆ ನೇರ ಅಂಕಿಯಲ್ಲೇ ಕರೆಯಬಹುದಾದ್ದರಿಂದ ಪರೀಕ್ಷೆಗೆ ಅನುಕೂಲ. ನಾಲ್ಕು ಸಾಲು ಬಂದವು. ನಾಲ್ಕೂ ‘ರಿಪ್ಲೈ ಫ್ರಮ್’ ಎಂದೇ ಶುರುವಾಗುತ್ತಿದ್ದವು. ಕೊನೆಯಲ್ಲಿ ಲೆಕ್ಕವೂ ಬಂತು: ಕಳಿಸಿದ್ದು 4, ಬಂದದ್ದು 4, ಕಳೆದದ್ದು 0.

ನಾಲ್ಕಕ್ಕೆ ನಾಲ್ಕು ಉತ್ತರ ಬಂದಿವೆಯಲ್ಲ, ಇಂಟರ್ನೆಟ್ ಸರಿಯಾಗಿಯೇ ಇದೆ, ಕೆಟ್ಟಿರುವುದು ಬ್ರೌಸರ್ ಎಂದುಕೊಂಡೆ. ಬ್ರೌಸರನ್ನು ತೆಗೆದು ಅಕ್ಕನ ಪೆನ್‌ಡ್ರೈವಿನಿಂದ ಮತ್ತೆ ಹಾಕಿದೆ. ಮೊದಲ ಸಂಜೆ ಹೀಗೆ ಕಳೆಯಿತು.

ಎರಡನೆಯ ದಿನ ಆ ಸಾಲನ್ನು ಪೂರ್ತಿ ಓದಿದೆ. ‘ರಿಪ್ಲೈ ಫ್ರಮ್ 192.168.1.20: ಡೆಸ್ಟಿನೇಶನ್ ಹೋಸ್ಟ್ ಅನ್‌ರೀಚಬಲ್’ ಎಂದಿತ್ತು. ನಾನು ಕರೆದದ್ದು 8.8.8.8ನ್ನು, ಉತ್ತರಿಸಿದ್ದು 192.168.1.20. ಅದು ಯಾರ ವಿಳಾಸ ಎಂದು ಹುಡುಕಿದರೆ ನನ್ನ ಕಂಪ್ಯೂಟರಿನದೇ! ಯಂತ್ರ ತನಗೆ ತಾನೇ ‘ದಾರಿ ಸಿಗಲಿಲ್ಲ’ ಎಂದು ಚೀಟಿ ಬರೆದುಕೊಂಡಿತ್ತು, ವಿಂಡೋಸ್ ಆ ಚೀಟಿಯನ್ನೂ ಬಂದ ಉತ್ತರಗಳ ಲೆಕ್ಕಕ್ಕೆ ಸೇರಿಸಿತ್ತು. ‘ಕಳೆದದ್ದು 0’ ಎಂಬುದರ ಗುಟ್ಟು ಇದು.

ಒಳಗೆ ನಡೆಯುವುದು ಹೀಗೆ. 8.8.8.8 ನಮ್ಮ ಓಣಿಯದಲ್ಲ, ಆದ್ದರಿಂದ ಪೊಟ್ಟಣವನ್ನು (ಕಳಿಸುವ ಡೇಟಾದ ತುಣುಕು, ಪ್ಯಾಕೆಟ್) ಗೇಟ್‌ವೇಗೆ ಒಪ್ಪಿಸಬೇಕು ಎಂದು ಕಂಪ್ಯೂಟರ್ ತೀರ್ಮಾನಿಸುತ್ತದೆ. ಅದರ ನೆನಪಿನಲ್ಲಿರುವ ಗೇಟ್‌ವೇ 192.168.1.1. ‘ಇಲ್ಲಿ 192.168.1.1 ಯಾರು?’ ಎಂದು ಓಣಿಯಲ್ಲೆಲ್ಲ ಕೂಗುತ್ತದೆ. ಈ ಕೂಗಿಗೆ ಎಆರ್‌ಪಿ ಎಂದು ಹೆಸರು. ಯಾರೂ ಓಗೊಡುವುದಿಲ್ಲ, ಏಕೆಂದರೆ ನನ್ನ ಹಳೆಯ ಆಂಡ್ರಾಯ್ಡ್ ಫೋನು ಹಾಟ್‌ಸ್ಪಾಟಿನಲ್ಲಿ 192.168.43.1 ಎಂಬ ವಿಳಾಸದಲ್ಲಿ ಕೂತಿದೆ. ಪೊಟ್ಟಣ ಮನೆಯ ಹೊಸ್ತಿಲನ್ನೇ ದಾಟಲಿಲ್ಲ.

ಆದ್ದರಿಂದ ಪಿಂಗ್ ಫಲಿತಾಂಶದಲ್ಲಿ ನಾನು ಈಗ ಮೊದಲು ಹುಡುಕುವುದು ಟಿಟಿಎಲ್ (ಪೊಟ್ಟಣದ ಉಳಿದ ಆಯುಷ್ಯದ ಎಣಿಕೆ) ಎಂಬ ಮೂರಕ್ಷರ. ನಿಜವಾದ ಉತ್ತರದ ಸಾಲಿನಲ್ಲಿ ಬೈಟ್ಸ್, ಟೈಮ್, ಟಿಟಿಎಲ್ ಮೂರೂ ಇರುತ್ತವೆ. ಟಿಟಿಎಲ್ ಇಲ್ಲದ ‘ರಿಪ್ಲೈ’ ಉತ್ತರವೇ ಅಲ್ಲ. ಆಮೇಲೆ ಯಾರು ಹೇಳಿದರು ಎಂದು ನೋಡುತ್ತೇನೆ. ನನ್ನದೇ ವಿಳಾಸ ಹೇಳಿದರೆ ಪೊಟ್ಟಣ ಮನೆ ಬಿಟ್ಟಿಲ್ಲ. ಫೋನಿನ ವಿಳಾಸ ‘ಅನ್‌ರೀಚಬಲ್’ ಎಂದರೆ ಫೋನಿನವರೆಗೆ ಹೋಗಿದೆ, ಅಲ್ಲಿಂದ ಮುಂದೆ ದಾರಿ ಇಲ್ಲ, ಫೋನಿನ ಡೇಟಾ ನೋಡಬೇಕು. ‘ರಿಕ್ವೆಸ್ಟ್ ಟೈಮ್ಡ್ ಔಟ್’ ಎಂದರೆ ಕಾದ ಹೊತ್ತಿನಲ್ಲಿ ಯಾರಿಂದಲೂ ಏನೂ ಬರಲಿಲ್ಲ. ಮೂರಕ್ಕೂ ಮದ್ದು ಬೇರೆ ಬೇರೆ. ನಾನು ಮೂರನ್ನೂ ‘ನೆಟ್ ಇಲ್ಲ’ ಎಂಬ ಒಂದೇ ಚೀಲಕ್ಕೆ ತುಂಬುತ್ತಿದ್ದೆ.

ಮುಂದಿನ ಪೋರ್ಟಿನಲ್ಲಿ ಸರಿ, ಹಿಂದಿನ ಪೋರ್ಟಿನಲ್ಲಿ ತಪ್ಪು

ವಿಳಾಸ ತಪ್ಪು ಎಂದು ತಿಳಿಯುವಷ್ಟರಲ್ಲಿ ಇನ್ನೊಂದು ಗೊಂದಲ ಅಡ್ಡ ಬಂತು. ಡಾಂಗಲನ್ನು ಕಿತ್ತು ಪೆಟ್ಟಿಗೆಯ ಮುಂಭಾಗದ ಪೋರ್ಟಿಗೆ ಹಾಕಿದೆ. ಹಾಟ್‌ಸ್ಪಾಟಿಗೆ ಜೋಡಿಸಿದರೆ ಇಂಟರ್ನೆಟ್ ಓಡಿತು! ಮತ್ತೆ ಹಿಂದಕ್ಕೆ ಹಾಕಿದರೆ ಇಲ್ಲ. ಮುಂದೆ ಹಾಕಿದರೆ ಇದೆ. ಐದು ಸಲ ಮಾಡಿ ನೋಡಿದೆ, ಐದು ಸಲವೂ ಹಾಗೆಯೇ.

ಹಿಂದಿನ ಪೋರ್ಟ್ ಕೆಟ್ಟಿದೆ ಎಂದುಕೊಂಡೆ. ಆ ನೀಲಿ ಪೋರ್ಟ್ ಯುಎಸ್‌ಬಿ 3.0 ಆಗಿದ್ದರಿಂದ ಅನುಮಾನ ಇನ್ನೂ ಗಟ್ಟಿಯಾಯಿತು. ಯುಎಸ್‌ಬಿ 3.0ರ ರೇಡಿಯೋ ಸದ್ದು (ನಾಯ್ಸ್) 2.4 ಗಿಗಾಹರ್ಟ್ಸ್ ವೈಫೈಗೆ ಅಡ್ಡಿ ಮಾಡುತ್ತದೆ ಎಂದು 2012ರಲ್ಲೇ ಇಂಟೆಲ್ ಸಂಸ್ಥೆ ಒಂದು ತಾಂತ್ರಿಕ ವರದಿ ಪ್ರಕಟಿಸಿತ್ತು. ಅದು ಸುಳ್ಳಲ್ಲ. ಡಾಂಗಲಿನ ಪಕ್ಕದಲ್ಲೇ 3.0 ಹಾರ್ಡ್ ಡಿಸ್ಕ್ ಓಡುತ್ತಿದ್ದರೆ ವೈಫೈ ನಿಧಾನವಾಗುತ್ತದೆ, ನಡುನಡುವೆ ಕಡಿಯುತ್ತದೆ. ಅಂಥವರು ಒಂದು ಯುಎಸ್‌ಬಿ ಎಕ್ಸ್‌ಟೆನ್ಶನ್ ವೈರಿನಿಂದ ಡಾಂಗಲನ್ನು ಅರ್ಧ ಮೀಟರ್ ದೂರ ತಂದರೆ ಸಾಕು. ಆದರೆ ನನ್ನಲ್ಲಿ ಹಾಗೆ ಹೊರಗಿನಿಂದ ಸಿಕ್ಕಿಸುವ ಹಾರ್ಡ್ ಡಿಸ್ಕೇ ಇರಲಿಲ್ಲ. ಜೊತೆಗೆ, ಸದ್ದಿನಿಂದ ಆಗುವ ತೊಂದರೆ ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಆಗಬೇಕು. ಐದಕ್ಕೆ ಐದು ಸಲ ಒಂದೇ ಫಲ ಬಂದರೆ ಅದು ಗಾಳಿಯ ದೋಷವಲ್ಲ, ಎಲ್ಲೋ ಬರೆದಿಟ್ಟಿರುವ ಸೆಟ್ಟಿಂಗ್‌ನ ದೋಷ. ಈ ಮಾತು ಮೂರನೆಯ ಸಂಜೆ, ಕೆಳಗಿನ ಅಂಗಡಿಯಿಂದ ಚಹಾ ತರಲು ಮೆಟ್ಟಿಲಿಳಿಯುವಾಗ ಹೊಳೆಯಿತು. ಚಹಾ ತರದೆ ವಾಪಸು ಹತ್ತಿದೆ.

ರನ್ ಪೆಟ್ಟಿಗೆಯಲ್ಲಿ ‘ಎನ್‌ಸಿಪಿಎ ಚುಕ್ಕಿ ಸಿಪಿಎಲ್’ ಎಂದು ಒತ್ತಿದರೆ ಅಡಾಪ್ಟರುಗಳ ಕಿಟಕಿ ತೆರೆಯುತ್ತದೆ. ಡಾಂಗಲ್ ಹಿಂದಿದ್ದಾಗ ಅಲ್ಲಿ ‘ವೈಫೈ’ ಎಂದಿತ್ತು. ಮುಂದಕ್ಕೆ ಹಾಕಿದರೆ ‘ವೈಫೈ 2’ ಎಂದಾಯಿತು. ಒಂದೇ ಡಾಂಗಲ್, ಎರಡು ಹೆಸರು! ಈ ಅಗ್ಗದ ಡಾಂಗಲಿಗೆ ತನ್ನದೇ ಆದ ಸೀರಿಯಲ್ ನಂಬರ್ ಇಲ್ಲ. ಅಂಥ ಸಾಧನವನ್ನು ವಿಂಡೋಸ್ ಯಾವ ಪೋರ್ಟಿನಲ್ಲಿದೆ ಎಂಬುದರಿಂದಲೇ ಗುರುತಿಸುತ್ತದೆ. ಪೋರ್ಟ್ ಬದಲಾದರೆ ಅದರ ಕಣ್ಣಿಗೆ ಹೊಸ ಸಾಧನ, ಹೊಸ ಸಾಧನಕ್ಕೆ ಹೊಸ ಸೆಟ್ಟಿಂಗ್. ಹೊಸ ಸೆಟ್ಟಿಂಗ್‌ನಲ್ಲಿ ವಿಳಾಸ ತಾನಾಗಿಯೇ ಸಿಗುತ್ತದೆ. ಹಿಂದಿನ ಪೋರ್ಟಿನ ‘ವೈಫೈ’ ಮಾತ್ರ ಬ್ಯಾಡಗಿಯಲ್ಲಿ ಬರೆದುಕೊಟ್ಟ ವಿಳಾಸವನ್ನು ಬಿಡದೆ ಹಿಡಿದುಕೊಂಡಿತ್ತು.

ಮಾಮನಿಗೆ ಫೋನ್ ಮಾಡಿದೆ. ‘ಇಪ್ಪತ್ತು ನಮ್ಮ ಬಿಲ್ಲಿನ ಕಂಪ್ಯೂಟರಿನ ನಂಬರು ತಂಗಿ, ಉಳಿದ ಕಂಪ್ಯೂಟರುಗಳು ಅದನ್ನು ಹುಡುಕಬೇಕಲ್ಲ, ಅದಕ್ಕೇ ಕಾಯಂ ಮಾಡಿಸಿದ್ದೆವು’ ಎಂದರು. ಅಂಗಡಿಯಲ್ಲಿ ಅದು ಸರಿಯಾದ ಏರ್ಪಾಡೇ. ಬ್ಯಾಡಗಿಯ ಮನೆ ನಂಬರನ್ನು ಸಪ್ತಾಪುರದ ಓಣಿಯಲ್ಲಿ ಹೇಳಿದರೆ ಟಪಾಲು ಬರುವುದಿಲ್ಲ, ಅಷ್ಟೇ.

ಪೋರ್ಟ್ ಬದಲಿಸದೆಯೂ ಇದನ್ನು ನೋಡಬಹುದಿತ್ತು. ‘ಐಪಿಕಾನ್ಫಿಗ್’ ಆಜ್ಞೆಗೆ ಓರೆಗೆರೆ ಹಾಕಿ ‘ಆಲ್’ ಸೇರಿಸಿ ಒತ್ತಿದರೆ ಬರುವ ಉದ್ದ ಪಟ್ಟಿಯಲ್ಲಿ ‘ಡಿಎಚ್‌ಸಿಪಿ ಎನೇಬಲ್ಡ್’ ಎಂಬ ಸಾಲಿದೆ. ವಿಳಾಸವನ್ನು ತಾನಾಗಿಯೇ ಹಂಚುವ ಏರ್ಪಾಡಿಗೆ ಡಿಎಚ್‌ಸಿಪಿ ಎಂದು ಹೆಸರು. ಅದರ ಮುಂದೆ ‘ನೋ’ ಎಂದಿದ್ದರೆ ವಿಳಾಸವನ್ನು ಯಾರೋ ಕೈಯಿಂದ ಬರೆದಿದ್ದಾರೆ ಎಂದರ್ಥ. ‘ಯೆಸ್’ ಎಂದಿದ್ದೂ ವಿಳಾಸ 169.254ರಿಂದ ಶುರುವಾಗಿದ್ದರೆ, ಕಂಪ್ಯೂಟರ್ ವಿಳಾಸ ಕೇಳಿತು, ಫೋನು ಕೊಡಲಿಲ್ಲ. ಆಗ ಹಾಟ್‌ಸ್ಪಾಟ್ ಬಂದ್ ಮಾಡಿ ಮತ್ತೆ ಚಾಲೂ ಮಾಡಬೇಕು.

ಸರಿಪಡಿಸಿದ್ದು, ಮತ್ತು ಅರ್ಧಕ್ಕೇ ನಿಂತದ್ದು

‘ವೈಫೈ’ ಮೇಲೆ ಬಲ ಕ್ಲಿಕ್, ಪ್ರಾಪರ್ಟೀಸ್, ಪಟ್ಟಿಯಲ್ಲಿ ಇಂಟರ್ನೆಟ್ ಪ್ರೊಟೊಕಾಲ್ ಆವೃತ್ತಿ 4, ಅದರ ಪ್ರಾಪರ್ಟೀಸ್. ಐಪಿ ವಿಳಾಸ ತಾನಾಗಿಯೇ ಸಿಗಲಿ ಎಂಬ ಮೇಲಿನ ಗುಂಡಿಯನ್ನು ಆರಿಸಿ ಓಕೆ ಒತ್ತಿದೆ. ಪಿಂಗ್ ಮಾಡಿದರೆ ಟಿಟಿಎಲ್ ಸಮೇತ ನಾಲ್ಕು ಉತ್ತರ. ಅಕ್ಕ ಚಪ್ಪಾಳೆ ತಟ್ಟಿದಳು. ಬ್ರೌಸರ್ ತೆರೆದರೆ ಮಾತ್ರ ಒಂದು ಪುಟವೂ ಬರಲಿಲ್ಲ.

ಅದೇ ಪೆಟ್ಟಿಗೆಯ ಕೆಳಭಾಗದಲ್ಲಿ ಡಿಎನ್‌ಎಸ್‌ಗೆ ಬೇರೆಯದೇ ಎರಡು ಗುಂಡಿಗಳಿವೆ. ಮೇಲಿನದನ್ನು ಬದಲಿಸಿದ ಮಾತ್ರಕ್ಕೆ ಕೆಳಗಿನದು ಬದಲಾಗುವುದಿಲ್ಲ. ಅಲ್ಲಿ ಅಂಗಡಿಯ ರೂಟರಿನ 192.168.1.1 ಇನ್ನೂ ಕೂತಿತ್ತು. ಅಂಕಿಯಿಂದ ಕರೆದರೆ ದಾರಿ ಇದೆ, ಹೆಸರಿನಿಂದ ಕರೆದರೆ ಹೇಳುವವರಿಲ್ಲ. ಅದನ್ನೂ ತಾನಾಗಿಯೇ ಸಿಗುವಂತೆ ಆರಿಸಿದೆ. ಪುಟ ತೆರೆಯಿತು. 8.8.8.8ಕ್ಕೆ ಪಿಂಗ್ ಹೋಗುತ್ತದೆ, ಜಾಲತಾಣದ ಹೆಸರಿಗೆ ಹೋಗುವುದಿಲ್ಲ ಎಂದಾದರೆ ಈ ಕೆಳಗಿನ ಗುಂಡಿಗಳನ್ನು ಮೊದಲು ನೋಡಿ.

ಈಗ ಹಿಂದಿನ ಪೋರ್ಟಿನಲ್ಲಿ ನನ್ನ ಫೋನಿನಿಂದ 192.168.43ರ ವಿಳಾಸ ಸಿಗುತ್ತದೆ, ಗೆಳತಿಯ ಐಫೋನಿನಿಂದ 172.20.10ರ ವಿಳಾಸ. ಐಫೋನ್ ತಾನು 172.20.10.1 ಇಟ್ಟುಕೊಂಡು 2ರಿಂದ 14ರವರೆಗಿನದನ್ನು ಹಂಚುತ್ತದೆ. ಹೊಸ ಆಂಡ್ರಾಯ್ಡ್ ಫೋನುಗಳು ಪ್ರತಿ ಸಲ ಬೇರೆ ಅಂಕಿ ಕೊಡಬಹುದು. ಹಾಟ್‌ಸ್ಪಾಟಿಗೆ ಕೈಯಿಂದ ವಿಳಾಸ ಬರೆಯಲು ಹೋಗಲೇಬೇಡಿ.

ಪಟ್ಟಿಯಲ್ಲಿ ಹೆಸರೇ ಕಾಣದಿದ್ದರೆ

ಇದು ನನಗೆ ಬಂದ ತೊಂದರೆಯಲ್ಲ, ಅಕ್ಕನ ಹೊಸ ಫೋನಿನಲ್ಲಿ ಕಂಡದ್ದು. ಅವಳ ಹಾಟ್‌ಸ್ಪಾಟ್ 5 ಗಿಗಾಹರ್ಟ್ಸ್‌ನಲ್ಲಿತ್ತು. ನನ್ನ ಡಾಂಗಲ್‌ನಂಥ ಸಣ್ಣ ಡಾಂಗಲುಗಳಿಗೆ ಬಹುಮಟ್ಟಿಗೆ 2.4 ಮಾತ್ರ ಕೇಳಿಸುತ್ತದೆ. ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ಬ್ಯಾಂಡನ್ನು 2.4ಕ್ಕೆ ಇಳಿಸಿದಳು, ಹೆಸರು ಕಾಣಿಸಿತು. ಐಫೋನ್ 12 ಮತ್ತು ಅದರ ನಂತರದವುಗಳಲ್ಲಿ ಇದೇ ಕೆಲಸಕ್ಕೆ ‘ಮ್ಯಾಕ್ಸಿಮೈಜ್ ಕಂಪ್ಯಾಟಿಬಿಲಿಟಿ’ ಎಂಬ ಗುಂಡಿ ಇದೆ. ಹೆಸರು ಕಂಡೂ ಪಾಸ್‌ವರ್ಡ್ ಒಪ್ಪದಿದ್ದರೆ ಭದ್ರತೆಯನ್ನು ಡಬ್ಲ್ಯುಪಿಎ 3ರಿಂದ ಡಬ್ಲ್ಯುಪಿಎ 2ಕ್ಕೆ ಬದಲಿಸಿ ನೋಡಿ.

ನನಗೆ ಇಷ್ಟವಾದ ಅಡ್ಡದಾರಿ: ವೈರು

ಚಾರ್ಜಿಂಗ್ ವೈರಿನಿಂದ ಫೋನನ್ನು ಡೆಸ್ಕ್‌ಟಾಪಿಗೆ ಜೋಡಿಸಿ, ಫೋನಿನಲ್ಲಿ ಯುಎಸ್‌ಬಿ ಟೆದರಿಂಗ್ (ಫೋನಿನ ಇಂಟರ್ನೆಟ್ಟನ್ನು ವೈರಿನಲ್ಲಿ ಕೊಡುವುದು) ಚಾಲೂ ಮಾಡಿ. ಡೇಟಾ ಒಯ್ಯುವ ವೈರು ಬೇಕು. ಕೆಲವು ಅಗ್ಗದ ವೈರುಗಳಲ್ಲಿ ಚಾರ್ಜಿನ ತಂತಿಗಳಷ್ಟೇ ಇರುತ್ತವೆ, ಅವಕ್ಕೆ ಟೆದರಿಂಗ್ ಗುಂಡಿ ಮಬ್ಬಾಗಿಯೇ ಉಳಿಯುತ್ತದೆ. ವೈರಿನಲ್ಲಿ ಇಂಟರ್ನೆಟ್ ಬಂದರೆ ಫೋನು, ಸಿಮ್ಮು, ಡೇಟಾ ಮೂರೂ ಸರಿ, ದೋಷ ವೈಫೈ ಭಾಗದಲ್ಲಿದೆ ಎಂದು ಒಂದೇ ಏಟಿಗೆ ತಿಳಿಯುತ್ತದೆ. ಡಾಂಗಲಿನ ಡ್ರೈವರ್ ಇಳಿಸಿಕೊಳ್ಳಲೂ ಇದೇ ದಾರಿ. ಮೊದಲ ಸಂಜೆಯೇ ಇದನ್ನು ಮಾಡಿದ್ದರೆ ಬ್ರೌಸರಿನ ತಂಟೆಗೆ ಹೋಗುತ್ತಿರಲಿಲ್ಲ.

ಹಳೆಯ ಡೆಸ್ಕ್‌ಟಾಪ್ ತಂದವರು ಗಡಿಯಾರವನ್ನೂ ನೋಡಿ. ಮದರ್‌ಬೋರ್ಡಿನ ಮೇಲಿನ ನಾಣ್ಯದಾಕಾರದ 3 ವೋಲ್ಟ್ ಸೆಲ್, ಸಿಆರ್ 2032, ಸತ್ತಿದ್ದರೆ ಪ್ರತಿ ಸಲ ತಾರೀಖು ಹಿಂದಕ್ಕೆ ಓಡುತ್ತದೆ. ತಾರೀಖು ತಪ್ಪಿದ್ದರೆ ಜೋಡಣೆ ಎಷ್ಟೇ ಸರಿಯಿದ್ದರೂ ಜಾಲತಾಣಗಳು ಸರ್ಟಿಫಿಕೇಟ್ ದೋಷ ತೋರಿಸಿ ಬಾಗಿಲು ಹಾಕುತ್ತವೆ.

ಕೊನೆಗೆ ಮಾಡಿದ್ದು, ಹಾಟ್‌ಸ್ಪಾಟ್ ಹೆಸರಿನ ಪ್ರಾಪರ್ಟೀಸ್‌ನಲ್ಲಿ ‘ಮೀಟರ್ಡ್ ಕನೆಕ್ಷನ್’ (ಡೇಟಾ ಮಿತಿಯಲ್ಲಿದೆ, ಕಡಿಮೆ ಬಳಸು ಎಂದು ವಿಂಡೋಸ್‌ಗೆ ಹೇಳುವ ಗುಂಡಿ) ಚಾಲೂ ಇಟ್ಟದ್ದು. ಜೋಡಣೆ ಸರಿಹೋದ ಅರ್ಧ ಗಂಟೆಯಲ್ಲೇ ವಿಂಡೋಸ್ ಬಾಕಿ ಉಳಿದಿದ್ದ ಅಪ್‌ಡೇಟುಗಳನ್ನೆಲ್ಲ ಎಳೆಯಲು ಶುರುಮಾಡಿ, ದಿನದ ಡೇಟಾ ಮುಗಿದ ಸಂದೇಶ ನನ್ನ ಫೋನಿಗೆ ಬಂದಿತ್ತು.