ಹದಿಹರೆಯ ಮತ್ತು ನಶೆ: ಹೆದರಿಸಿ ಬಿಡಿಸಲು ಹೊರಟವರ ಕಥೆ

ಯಾವುದೋ ಶಾಲೆಯಲ್ಲಿ ಹುಡುಗನೊಬ್ಬನ ಬ್ಯಾಗಿನಲ್ಲಿ ಗಾಂಜಾ ಸಿಕ್ಕಿತು ಅನ್ನಿ. ಮಾರನೆಯ ದಿನವೇ ಜಾಗೃತಿ ಭಾಷಣ ಏರ್ಪಾಡಾಗುತ್ತದೆ. ಪೊಲೀಸ್ ಅಧಿಕಾರಿ ಬರುತ್ತಾರೆ, ಡಾಕ್ಟರ್ ಬರುತ್ತಾರೆ, ಹಾಳಾದ ಶ್ವಾಸಕೋಶದ ಚಿತ್ರ ತೋರಿಸುತ್ತಾರೆ. ಮಕ್ಕಳು ಪ್ರತಿಜ್ಞೆ ಮಾಡುತ್ತಾರೆ. ದೊಡ್ಡವರು ನೆಮ್ಮದಿಯಿಂದ ಮನೆಗೆ ಹೋಗುತ್ತಾರೆ. ಇದರಿಂದ ಉಪಯೋಗ ಆಗುತ್ತದಾ? ಈ ಪ್ರಶ್ನೆಗೆ ಉತ್ತರ ಹುಡುಕಿದವರು ಇದ್ದಾರೆ, ವರ್ಷಗಟ್ಟಲೆ ಲೆಕ್ಕ ಇಟ್ಟವರೂ ಇದ್ದಾರೆ. ಆ ಲೆಕ್ಕ ನೋಡಿದ ಮೇಲೂ ಭಾಷಣ ನಿಂತಿಲ್ಲ ಅನ್ನುವುದೇ ಈ ವಿಷಯದ ಗೋಜಲು.

ಬಹಳ ಕಾಲ ಹದಿಹರೆಯದವರ ಕುಡಿತ ಅಂತ ಬೇರೆ ಸಮಸ್ಯೆಯೇ ಇರಲಿಲ್ಲ. ಕುಡಿತ ಅಂದರೆ ದೊಡ್ಡವರ ಚಟ. ಅಮೆರಿಕ 1920ರಿಂದ 1933ರವರೆಗೆ ದೇಶಕ್ಕೇ ಪಾನನಿಷೇಧ ಹೇರಿ ಕೈಬಿಟ್ಟಿತು. 60ರ ದಶಕದಲ್ಲಿ ಕಾಲೇಜು ಹುಡುಗರ ಕೈಗೆ ಗಾಂಜಾ ಬಂದಾಗ ಎಲ್ಲರಿಗೂ ದಿಗಿಲಾಯಿತು. 1975ರಿಂದ ಅಲ್ಲಿನ ಹೈಸ್ಕೂಲು ಮಕ್ಕಳನ್ನು ಪ್ರತಿ ವರ್ಷ ಕೇಳಿ ದಾಖಲಿಸುವ ಸಮೀಕ್ಷೆ ಶುರುವಾಯಿತು. 1984ರಲ್ಲಿ ಬಂದ ಕಾನೂನಿನ ಒತ್ತಡದಿಂದ ಕುಡಿಯುವ ಕನಿಷ್ಠ ವಯಸ್ಸು ಎಲ್ಲ ರಾಜ್ಯಗಳಲ್ಲೂ 21ಕ್ಕೆ ಏರಿತು.

ಇದರ ನಡುವೆಯೇ, 1983ರಲ್ಲಿ, ಲಾಸ್ ಏಂಜಲೀಸ್‌ನ ಪೊಲೀಸ್ ಇಲಾಖೆ ಮತ್ತು ಶಾಲಾ ಆಡಳಿತ ಸೇರಿ ‘ಡೇರ್’ ಅನ್ನುವ ಕಾರ್ಯಕ್ರಮ ಕಟ್ಟಿದವು. ಸಮವಸ್ತ್ರದ ಪೊಲೀಸರೇ ತರಗತಿಗೆ ಬಂದು ಪಾಠ ಮಾಡುತ್ತಿದ್ದರು. ಮುಖ್ಯವಾಗಿ ಪ್ರಾಥಮಿಕ ಶಾಲೆ ಮುಗಿಸುವ ವಯಸ್ಸಿನ ಮಕ್ಕಳಿಗೆ ವಾರಕ್ಕೊಂದರಂತೆ 17 ಪಾಠ. ಯಾವ ಡ್ರಗ್ ಏನು ಮಾಡುತ್ತದೆ, ಯಾರಾದರೂ ಕೊಟ್ಟರೆ ಬೇಡ ಅನ್ನುವುದು ಹೇಗೆ, ಇತ್ಯಾದಿ. ಕೊನೆಗೆ ಸರ್ಟಿಫಿಕೇಟ್, ಟೀಶರ್ಟ್. ‘ಬೇಡ ಅಂದುಬಿಡು’ ಅನ್ನುವ ಘೋಷಣೆಯೂ ಆಗ ಮನೆಮಾತು. ಒಂದು ಹಂತದಲ್ಲಿ ಆ ದೇಶದ ಮುಕ್ಕಾಲು ಪಾಲು ಶಾಲಾ ಜಿಲ್ಲೆಗಳಲ್ಲಿ ಡೇರ್ ನಡೆಯುತ್ತಿತ್ತು.

ಆಮೇಲೆ ಅಳತೆ ಮಾಡುವವರು ಬಂದರು. ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ 1994ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಮಕ್ಕಳ ತಿಳಿವಳಿಕೆ ಹೆಚ್ಚಿತ್ತು, ಆದರೆ ಸೇವನೆಯ ಮೇಲಾದ ಪರಿಣಾಮ ತೀರಾ ಸಣ್ಣದು. 1999ರ ಇನ್ನೊಂದು ಅಧ್ಯಯನ ಸುಮಾರು ಸಾವಿರ ಜನರನ್ನು ಪಾಠ ಕೇಳಿದ ಹತ್ತು ವರ್ಷಗಳ ನಂತರ ಮತ್ತೆ ಹುಡುಕಿ ಮಾತಾಡಿಸಿತು. ಡೇರ್ ಕಲಿತವರಿಗೂ ಕಲಿಯದವರಿಗೂ ಸೇವನೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ.

ಯಾಕೆ ಹೀಗಾಯಿತು? ಕಾರಣಗಳು ಈಗ ಹೇಳಲು ಸುಲಭ. ಹತ್ತು-ಹನ್ನೊಂದು ವರ್ಷದ ಮಗುವನ್ನು ‘ಡ್ರಗ್ಸ್ ತಗೋತೀಯಾ’ ಅಂತ ಕೇಳಿದರೆ ‘ಇಲ್ಲ’ ಅಂತಲೇ ಹೇಳುತ್ತದೆ. ನಿಜವಾದ ಪರೀಕ್ಷೆ ಬರುವುದು ನಾಲ್ಕೈದು ವರ್ಷದ ನಂತರ. ಆಗ ನಶೆಯನ್ನು ಮುಂದಿಡುವವನು ಪಾಠದಲ್ಲಿದ್ದ ಕಪ್ಪು ಕೋಟಿನ ಅಪರಿಚಿತ ಅಲ್ಲ. ಪಕ್ಕದ ಬೆಂಚಿನ ಗೆಳೆಯ, ಇಲ್ಲವೇ ಸ್ವಂತ ಅಣ್ಣ. ಎಷ್ಟೋ ಸಲ ಮೊದಲ ಗುಟುಕು ಮನೆಯ ಬಾಟಲಿಯದ್ದೇ. ಇನ್ನೊಂದು ತೊಂದರೆ ಉತ್ಪ್ರೇಕ್ಷೆಯದ್ದು. ಒಂದು ಸಲ ಸೇದಿದರೆ ಬದುಕೇ ಮುಗಿಯಿತು ಅಂತ ಕೇಳಿದ ಹುಡುಗ, ಸೇದಿದ ಗೆಳೆಯ ಮರುದಿನ ಆರಾಮಾಗಿ ಕ್ರಿಕೆಟ್ ಆಡುವುದನ್ನು ನೋಡುತ್ತಾನೆ. ಅಲ್ಲಿಗೆ ದೊಡ್ಡವರು ಹೇಳಿದ ನಿಜವೂ ಸುಳ್ಳಾಗಿಬಿಡುತ್ತದೆ.

ಹಾಗಿದ್ದೂ ಕಾರ್ಯಕ್ರಮ ಸುಲಭಕ್ಕೆ ನಿಲ್ಲಲಿಲ್ಲ. ಪೋಷಕರಿಗೆ ಇಷ್ಟ, ಶಾಲೆಗೆ ಇಷ್ಟ, ಪೊಲೀಸರಿಗೂ ಇಷ್ಟ. ಯಾರ ಉದ್ದೇಶವೂ ಕೆಟ್ಟದಿರಲಿಲ್ಲ. ಏನೋ ಮಾಡುತ್ತಿದ್ದೇವೆ ಅನ್ನುವ ಸಮಾಧಾನ ಸಣ್ಣದಲ್ಲ. ಕೊನೆಗೆ 2009ರಲ್ಲಿ ಡೇರ್ ಸಂಸ್ಥೆಯೇ ಹಳೆಯ ಪಠ್ಯ ಬಿಟ್ಟು, ನಿರ್ಧಾರ ತೆಗೆದುಕೊಳ್ಳುವುದನ್ನು ಕಲಿಸುವ ಬೇರೆ ಪಠ್ಯ ತಂದಿತು. ಟಿವಿ ಜಾಹೀರಾತುಗಳ ಕಥೆಯೂ ಇಂಥದ್ದೇ. 1998ರಿಂದ 2004ರವರೆಗೆ ಅಮೆರಿಕ ಸರ್ಕಾರ ಸುಮಾರು 100 ಕೋಟಿ ಡಾಲರ್ ಖರ್ಚು ಮಾಡಿದ ಪ್ರಚಾರದಿಂದ ಹುಡುಗರ ಗಾಂಜಾ ಸೇವನೆ ಕಡಿಮೆಯಾದ ಕುರುಹು ಸಿಗಲಿಲ್ಲ. ‘ಇಷ್ಟೊಂದು ಹೇಳ್ತಿದಾರೆ ಅಂದ್ರೆ ಎಲ್ಲರೂ ಸೇದ್ತಿರಬೇಕು’ ಅಂತ ಮಕ್ಕಳು ಅಂದುಕೊಂಡಿರಬಹುದು ಎಂದು ಮೌಲ್ಯಮಾಪನ ಮಾಡಿದವರು ಊಹಿಸಿದರು.

ಅಷ್ಟರಲ್ಲಿ ಸಂಶೋಧಕರ ಪ್ರಶ್ನೆಯೇ ಬದಲಾಗಿತ್ತು. ಕೆಲವು ಮಕ್ಕಳು ಮಾತ್ರ ಯಾಕೆ ಸಿಕ್ಕಿಹಾಕಿಕೊಳ್ಳುತ್ತಾರೆ? ವಾಷಿಂಗ್ಟನ್ ವಿಶ್ವವಿದ್ಯಾಲಯದ ಹಾಕಿನ್ಸ್ ಮತ್ತು ಕ್ಯಾಟಲಾನೋ 1992ರಲ್ಲಿ ಅಪಾಯ ಹೆಚ್ಚಿಸುವ ಮತ್ತು ತಗ್ಗಿಸುವ ಸಂಗತಿಗಳನ್ನು ಒಂದೆಡೆ ತಂದರು. ಮನೆಯಲ್ಲಿ ಜಗಳ, ಓದಿನಲ್ಲಿ ಸೋಲು, ಸೇದುವ ಗೆಳೆಯರು, ಸುಲಭವಾಗಿ ಸಿಗುವ ಸರಕು ಒಂದು ಕಡೆ. ಮನೆಯವರ ಜೊತೆಗಿನ ನಂಟು, ಶಾಲೆಯ ಮೇಲಿನ ಪ್ರೀತಿ ಇನ್ನೊಂದು ಕಡೆ. ಬೇಗ ಶುರುಮಾಡಿದಷ್ಟೂ ಅಪಾಯ ಜಾಸ್ತಿ ಎಂಬುದೂ ಸ್ಪಷ್ಟವಾಯಿತು. 1997ರ ಒಂದು ಅಧ್ಯಯನದಲ್ಲಿ, 15 ತುಂಬುವ ಮೊದಲೇ ಕುಡಿಯಲು ಶುರುಮಾಡಿದವರಲ್ಲಿ ಶೇಕಡಾ 40ರಷ್ಟು ಜನ ಮುಂದೆ ಮದ್ಯದ ಚಟಕ್ಕೆ ಬಿದ್ದಿದ್ದರು. 20ರ ನಂತರ ಶುರುಮಾಡಿದವರಲ್ಲಿ ಈ ಪ್ರಮಾಣ ಸುಮಾರು ಶೇಕಡಾ 10. ಬೇಗ ಕುಡಿದದ್ದೇ ಚಟಕ್ಕೆ ಕಾರಣ ಅಂತ ಇದರಿಂದ ಸಾಬೀತಾಗುವುದಿಲ್ಲ. ಎರಡಕ್ಕೂ ಹಿಂದೆ ಒಂದೇ ಸಂಕಟ ಇರಬಹುದು. ಆದರೂ ಒಂದೆರಡು ವರ್ಷ ಮುಂದೂಡಿದರೂ ಲಾಭವೇ ಅನ್ನುವ ನಂಬಿಕೆ ಇಲ್ಲಿಂದ ಬಲವಾಯಿತು.

ಇದನ್ನು ಇಡೀ ದೇಶಕ್ಕೆ ಅನ್ವಯಿಸಿ ನೋಡಿದ್ದು ಐಸ್‌ಲ್ಯಾಂಡ್. 1998ರಲ್ಲಿ ಅಲ್ಲಿನ 15-16 ವರ್ಷದವರಲ್ಲಿ ಶೇಕಡಾ 42ರಷ್ಟು ಮಂದಿ ಹಿಂದಿನ ಒಂದು ತಿಂಗಳಲ್ಲಿ ಅಮಲೇರುವಷ್ಟು ಕುಡಿದಿದ್ದರು. ದೇಶ ಭಾಷಣವನ್ನು ನೆಚ್ಚಿಕೊಳ್ಳಲಿಲ್ಲ. ಮಕ್ಕಳ ಸಂಜೆ ಹೇಗೆ ಕಳೆಯುತ್ತದೆ ಅಂತ ನೋಡಿತು. 13ರಿಂದ 16 ವರ್ಷದವರು ಚಳಿಗಾಲದಲ್ಲಿ ರಾತ್ರಿ 10ರ ನಂತರ, ಬೇಸಿಗೆಯಲ್ಲಿ 12ರ ನಂತರ ಹೊರಗಿರಬಾರದು ಎಂಬ ನಿಯಮ ಗಟ್ಟಿಯಾಯಿತು. ಆಟ, ಸಂಗೀತ, ನೃತ್ಯ ಕಲಿಯಲು ಸರ್ಕಾರವೇ ಹಣ ಕೊಟ್ಟಿತು. ಪೋಷಕರು ಒಟ್ಟಿಗೆ ಕೂತು ಕರಾರಿಗೆ ಸಹಿ ಹಾಕಿದರು: ದೊಡ್ಡವರಿಲ್ಲದ ಪಾರ್ಟಿಗೆ ಕಳಿಸುವುದಿಲ್ಲ, ಮಕ್ಕಳಿಗೆ ಮದ್ಯ ತಂದುಕೊಡುವುದಿಲ್ಲ. ‘ಅವರ ಮನೇಲಿ ಬಿಡ್ತಾರೆ’ ಅನ್ನುವ ಹಟ ಅಲ್ಲಿಗೆ ಬಂದ್ ಆಯಿತು. ಸಮೀಕ್ಷೆಯ ಫಲಿತಾಂಶ ಬೇಗನೆ ಆಯಾ ಶಾಲೆಗೇ ವಾಪಸ್ ಹೋಗುತ್ತಿತ್ತು. ಹಾಗಾಗಿ ‘ನಮ್ಮ ಮಕ್ಕಳು ಹಾಗಲ್ಲ’ ಅನ್ನಲು ಯಾರಿಗೂ ಜಾಗ ಉಳಿಯಲಿಲ್ಲ.

2016ರ ಹೊತ್ತಿಗೆ ಶೇಕಡಾ 42 ಇದ್ದದ್ದು 5ಕ್ಕೆ ಬಂತು. ದಿನಾ ಸಿಗರೇಟು ಸೇದುವವರು ಶೇಕಡಾ 23ರಿಂದ 3ಕ್ಕೆ ಇಳಿದರು. ಪೂರ್ತಿ ಶ್ರೇಯ ಈ ಯೋಜನೆಗೇ ಸಲ್ಲುತ್ತದಾ ಅನ್ನುವ ಬಗ್ಗೆ ತಕರಾರಿದೆ. ಆ ವರ್ಷಗಳಲ್ಲಿ ಯುರೋಪಿನ ಬೇರೆ ಎಷ್ಟೋ ಕಡೆಯೂ ಹದಿಹರೆಯದವರ ಕುಡಿತ ಇಳಿದಿತ್ತು. ಐಸ್‌ಲ್ಯಾಂಡ್ ಮೂರು ಚಿಲ್ಲರೆ ಲಕ್ಷ ಜನರ ದೇಶ ಬೇರೆ. ಆದರೂ ಇಷ್ಟು ದೊಡ್ಡ ಇಳಿಕೆ ಸುಮ್ನೆ ಆಗುವಂಥದ್ದಲ್ಲ. ಇಲ್ಲಿ ಮೊದಲು ಬದಲಾಗಬೇಕಾದದ್ದು ದೊಡ್ಡವರ ದಿನಚರಿ. ಇದು ಭಾಷಣ ಏರ್ಪಡಿಸುವುದಕ್ಕಿಂತ ಕಷ್ಟದ ಕೆಲಸ, ಅಲ್ವಾ?

ಈಗ ಸರಕೇ ಬದಲಾಗಿದೆ. ಸಿಗರೇಟಿನ ವಾಸನೆ ಬಾರದ, ಪೆನ್ ಡ್ರೈವ್‌ನಂತೆ ಕಾಣುವ ಇ-ಸಿಗರೇಟು ಬಂದು, 2019ರ ಹೊತ್ತಿಗೆ ಅಮೆರಿಕದ ಹೈಸ್ಕೂಲು ಮಕ್ಕಳಲ್ಲಿ ಶೇಕಡಾ 27ಕ್ಕೂ ಹೆಚ್ಚು ಮಂದಿಯ ಕೈಯಲ್ಲಿತ್ತು. ಆಮೇಲೆ ಫೆಂಟನಿಲ್ ಅನ್ನುವ ಅತಿ ಪ್ರಬಲ ನೋವುನಿವಾರಕ ಬೆರೆಸಿದ ನಕಲಿ ಮಾತ್ರೆಗಳು ಬಂದವು. 2021ರಲ್ಲಿ ಅಲ್ಲಿನ ಹದಿಹರೆಯದವರ ಡ್ರಗ್ ಸೇವನೆ ಗಣನೀಯವಾಗಿ ಇಳಿಯಿತು. ಆದರೆ 10ರಿಂದ 19 ವಯಸ್ಸಿನವರಲ್ಲಿ ಓವರ್‌ಡೋಸ್ ಸಾವುಗಳು ಎರಡೇ ವರ್ಷದಲ್ಲಿ ದುಪ್ಪಟ್ಟಾದವು. ಪರೀಕ್ಷೆಯ ಒತ್ತಡಕ್ಕೋ ನಿದ್ದೆಗೋ ಅಂತ ಆನ್‌ಲೈನ್‌ನಲ್ಲಿ ಕೊಂಡ ಒಂದೇ ಮಾತ್ರೆ ಪ್ರಾಣ ತೆಗೆಯುವಂತಾಯಿತು. ಹಾಗಾಗಿ ಅಲ್ಲಿನ ಶಾಲೆಗಳ ಮುಂದಿನ ಚರ್ಚೆಯೂ ಬದಲಾಗಿದೆ. ಉಸಿರು ನಿಲ್ಲುತ್ತಿರುವವರನ್ನು ಬದುಕಿಸುವ ನಲೋಕ್ಸೋನ್ ಸ್ಪ್ರೇ ಇಟ್ಟರೆ ಮಕ್ಕಳಿಗೆ ನಶೆ ಮಾಡಲು ಧೈರ್ಯ ಬಂದೀತು ಅನ್ನುವವರು ಇದ್ದಾರೆ. ಇಡದಿದ್ದರೆ ಆಂಬುಲೆನ್ಸ್ ಬರುವವರೆಗೆ ಏನು ಮಾಡೋದು ಅಂತ ಕೇಳುವವರೂ ಇದ್ದಾರೆ. ಎಷ್ಟೋ ಶಾಲೆಗಳು ಸ್ಪ್ರೇ ತರಿಸಿಟ್ಟುಕೊಂಡಿವೆ.